ದೇವರು ನಮ್ಮನ್ನು ಕರೆದ ಹೆಸರು
(ಶತಮಾನೋತ್ಸವದ ಧ್ಯಾನಕೂಟದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳಿಂದ ಈ ದೇವಾಲಯವು ಜೋಪಾನವಾಗಿ ಕಾಯ್ದುಕೊಂಡು ಬಂದ ಸಂಪತ್ತುಗಳಲ್ಲಿ ಜ್ಞಾನಸ್ನಾನದ ದಾಖಲೆ ಪುಸ್ತಕವೂ ಒಂದು. ಅದರಲ್ಲಿ ಧನಿಗಳ ಮಗುವಿನ ಹೆಸರೂ ಕೂಲಿಯಾಳಿನ ಮಗುವಿನ ಹೆಸರೂ ಒಂದರ ಕೆಳಗೊಂದು ಒಂದೇ ಶಾಯಿಯಲ್ಲಿ ಬರೆಯಲ್ಪಡುತ್ತವೆ. ಹಾಗೆ ಬರೆಯುವ ಹೊತ್ತಿಗೆ ಆ ಶಿಶುಗಳು ಏನನ್ನು ಸಾಧಿಸಿದ್ದವು? ಏನನ್ನೂ ಇಲ್ಲ. ಆದರೂ ಆ ದಿನ ದೇವರು ಪ್ರತಿಯೊಂದು ಶಿಶುವನ್ನೂ ತನ್ನ ಮಗುವೆಂದು ಕರೆದರು. ಆ ಮಾತನ್ನು ನಾವು ನಿಜವಾಗಿ ನಂಬಿದ್ದೇವೆಯೇ ಎಂಬುದೇ ಇಂದಿನ ವಿಚಾರ.

ಯೇಸುಸ್ವಾಮಿಯ ಜೀವನವನ್ನೇ ನೋಡಿರಿ. ಜೋರ್ಡಾನ್ ನದಿಯಲ್ಲಿ ಅವರು ಸ್ನಾನದೀಕ್ಷೆ ಪಡೆದಾಗ, ತಂದೆಯು ಅವರನ್ನು ತನ್ನ ಪ್ರಿಯ ಪುತ್ರನೆಂದು ಸಾರಿದರು. ಆಗ ಅವರಿನ್ನೂ ಒಂದು ಅದ್ಭುತವನ್ನೂ ಮಾಡಿರಲಿಲ್ಲ. ಅನಂತರ ಅರಣ್ಯದಲ್ಲಿ ಸೈತಾನನು ಮೊದಲು ಕೈಯಿಕ್ಕಿದ್ದು ಇದೇ ಮಾತಿಗೆ. ದೇವಪುತ್ರನು ಹೌದಾದರೆ ಕಲ್ಲನ್ನು ರೊಟ್ಟಿಯಾಗಿಸಿ ತೋರಿಸೆಂದು ಅವನು ಕೆಣಕಿದನು. ಯೇಸುಸ್ವಾಮಿ ಏನನ್ನೂ ಮಾಡಿ ತೋರಿಸಲಿಲ್ಲ. ತಂದೆಯ ಮಾತೇ ಅವರಿಗೆ ಸಾಕಾಗಿತ್ತು.

ಆ ಶೋಧನೆ ನಮ್ಮ ಮನೆಗಳಿಗೂ ಬರುತ್ತದೆ. ಹಳದಿ ಎಲೆ ರೋಗದಿಂದ ಅಡಿಕೆ ತೋಟ ಬರಿದಾದ ಸುಳ್ಯದ ಕೃಷಿಕನಿಗೆ, ಪರೀಕ್ಷೆಯಲ್ಲಿ ಅನುತ್ತೀರ್ಣಳಾದ ಹುಡುಗಿಗೆ, ಪಾಪಕ್ಕೆ ನಾಚಿ ವರ್ಷಗಟ್ಟಲೆ ಪಾಪನಿವೇದನೆಯಿಂದ ದೂರ ಉಳಿದವನಿಗೆ, 'ನೀನು ಯಾತಕ್ಕೂ ಬಾರದವನು' ಎಂದು ಅದೇ ದನಿ ಒಳಗಿನಿಂದ ಪಿಸುಗುಟ್ಟುತ್ತದೆ. ಬೆಳೆಯನ್ನೂ ಅಂಕವನ್ನೂ ನಡತೆಯನ್ನೂ ಅಳೆದು ನಮ್ಮ ಬೆಲೆಯನ್ನು ಕಟ್ಟುವುದು ಲೋಕದ ರೀತಿ. ತಂದೆಯ ರೀತಿ ಅದಲ್ಲ.

ನಮ್ಮ ಊರಿನ ಹಿರಿಯರಿಗೆ ತಿಳಿದ ಒಂದು ನಿದರ್ಶನವಿದೆ. 1974ರಲ್ಲಿ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದಾಗ, ಉಳುವ ಒಕ್ಕಲಿಗೆ ಭೂಮಿಯ ಹಕ್ಕು ದೊರೆಯುವಂತಾಯಿತು. ನಮ್ಮವರಲ್ಲಿ ಅನೇಕರು 'ಡಿಕ್ಲರೇಶನ್' ಹಾಕಿ ಭೂಮಿಯ ಒಡೆಯರಾದರು. ಕಾಯಿದೆ ತನಗಾಗಿಯೇ ಬಂದಿದ್ದರೂ ಅದನ್ನು ನಂಬಲಾರದೆ, ಧನಿಗಳಿಗೆ ಅಂಜಿ, ಒಕ್ಕಲಾಗಿಯೇ ಉಳಿದವರೂ ಇದ್ದರು. ಮಕ್ಕಳ ಹಕ್ಕನ್ನು ಪಡೆದ ಮೇಲೂ ಆಳಿನ ಅಂಜಿಕೆಯಲ್ಲಿ ಬಾಳುವ ಕ್ರೈಸ್ತನ ಸ್ಥಿತಿಯೂ ಅಂಥದೇ. ರೋಮನರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಸಂತ ಪೌಲರು ಎಚ್ಚರಿಸುವುದು ಇದನ್ನೇ. ಆದರೆ ಒಂದು ವ್ಯತ್ಯಾಸವುಂಟು: ಅಂದು ಒಕ್ಕಲು ಗೇಣಿಚೀಟಿಯ ಸಾಕ್ಷ್ಯ ತರಬೇಕಿತ್ತು; ದೇವರ ಸನ್ನಿಧಿಯಲ್ಲಿ ಪವಿತ್ರಾತ್ಮರೇ ನಮ್ಮ ಸಾಕ್ಷಿ.

ಈ ನಂಬಿಕೆ ಎಷ್ಟು ದೃಢವಾಗಿರಬಲ್ಲುದೆಂಬುದಕ್ಕೆ ನಮ್ಮ ಪೂರ್ವಿಕರೇ ಉದಾಹರಣೆ. 1784ರಲ್ಲಿ ಟಿಪ್ಪು ಸುಲ್ತಾನರ ಆಜ್ಞೆಯಂತೆ ಕೆನರಾದ ಕಥೋಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಇಗರ್ಜಿಗಳು ನೆಲಸಮವಾದವು, ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮಡಿದರು, ಅನೇಕರಿಗೆ ಬೇರೆ ಹೆಸರುಗಳನ್ನಿಟ್ಟರು. 1799ರಲ್ಲಿ ಬಿಡುಗಡೆಯಾದಾಗ, ಬದುಕುಳಿದವರಲ್ಲಿ ಬಹುಮಂದಿ ಈ ಕರಾವಳಿಗೆ ಮರಳಿ, ಹಾಳು ಬಿದ್ದ ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಯಾರ ಮೇಲೂ ಹಗೆ ಬೆಳೆಸಲೆಂದು ನಾನು ಇದನ್ನು ನೆನೆಯುತ್ತಿಲ್ಲ. ಜ್ಞಾನಸ್ನಾನದ ಮುದ್ರೆ ಅಳಿಯದೆಂದೂ ಅದನ್ನು ಎರಡನೆಯ ಬಾರಿ ಕೊಡಲಾಗದೆಂದೂ ಧರ್ಮಸಭೆ ಬೋಧಿಸುತ್ತದೆ. ಹದಿನೈದು ವರ್ಷಗಳ ಸೆರೆಯಾಗಲಿ, ಹೇರಿದ ಹೆಸರಾಗಲಿ ಅದನ್ನು ಅಳಿಸಲಾರದಾಯಿತು.

ಹೀಗಿರುವಾಗ ನಮ್ಮ ನಡುವಿನ ತಾರತಮ್ಯಕ್ಕೆ ಎಡೆಯೆಲ್ಲಿ? ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಲ್ಯಾಟಿನ್, ಸಿರೋ ಮಲಬಾರ್, ಸಿರೋ ಮಲಂಕರ ಪೂಜಾವಿಧಿಗಳ ಕಥೋಲಿಕರು ಅಕ್ಕಪಕ್ಕದಲ್ಲಿ ಬಾಳುತ್ತಿದ್ದಾರೆ. ಒಂದು ಮನೆಯಲ್ಲಿ ಕೊಂಕಣಿಯಲ್ಲಿ ಜಪಸರ, ಮತ್ತೊಂದರಲ್ಲಿ ಮಲಯಾಳದಲ್ಲಿ. ಜ್ಞಾನಸ್ನಾನ ಮಾತ್ರ ಒಂದೇ. ನಾನು ದೇವರ ಮಗನೆಂದು ನಂಬುವವನು, ಬೇಲಿಯಾಚೆಯ ಬಡವನೂ ದೇವರ ಮಗನೆಂದು ಒಪ್ಪಲೇಬೇಕು. ಅವನನ್ನು ಕೀಳಾಗಿ ಕಂಡರೆ, ನಮ್ಮ ಕುರಿತು ದೇವರು ಆಡಿದ ಮಾತನ್ನೇ ಅಲ್ಲಗಳೆದಂತಾಗುತ್ತದೆ.

ಆದುದರಿಂದ, ಪ್ರಿಯರೇ, ಈ ಶತಮಾನೋತ್ಸವದ ವರ್ಷದಲ್ಲಿ ಪ್ರತಿಯೊಬ್ಬರೂ ತಮ್ಮ ಜ್ಞಾನಸ್ನಾನದ ದಿನಾಂಕವನ್ನು ಕೇಳಿ ತಿಳಿದುಕೊಳ್ಳಿರಿ. ಆ ದಿನ ಬಲಿಪೂಜೆಯಲ್ಲಿ ಭಾಗವಹಿಸಿರಿ. ಮಕ್ಕಳು ಸೋತು ಮನೆಗೆ ಬಂದ ದಿನ, ಅವರು ಯಾರ ಮಕ್ಕಳೆಂಬುದನ್ನು ಮೊದಲು ನೆನಪಿಸಿ, ಉಳಿದ ಮಾತನ್ನು ಆಮೇಲೆ ಆಡಿರಿ. ಪಾಪದಲ್ಲಿ ಬಿದ್ದವರು ಅಂಜದೆ ತಂದೆಯ ಮನೆಗೆ ಮರಳಿ ಬನ್ನಿರಿ. ದುಂದುಗಾರ ಮಗನು ಆಳಾಗಿ ಇರಲು ಬೇಡಿಕೊಳ್ಳುವೆನೆಂದು ಬಂದರೂ, ತಂದೆಯು ಅವನನ್ನು ಮಗನೆಂದೇ ಅಪ್ಪಿಕೊಂಡನಲ್ಲವೇ?

ಆ ತಂದೆಯ ಮಾತಿನ ಮೇಲೆ ಭರವಸೆಯಿಟ್ಟು ಬಾಳುವ ಕೃಪೆಯನ್ನು ದೇವಮಾತೆಯ ಪ್ರಾರ್ಥನೆಯಿಂದ ಪ್ರಭುವು ನಮಗೆಲ್ಲರಿಗೂ ದಯಪಾಲಿಸಲಿ.