ಎದ್ದ ಕೂಡಲೇ ಸುಸ್ತು



ಈ ಹೊತ್ತಿನಲ್ಲಿ ರೇಡಿಯೋ ಹಾಕಿರುವ ಮನೆಗಳಲ್ಲಿ ಅದು ಹೆಚ್ಚಾಗಿ ಇರುವುದು ಅಡುಗೆಮನೆಯಲ್ಲಿ, ಫ್ರಿಜ್ಜಿನ ಮೇಲೋ ಡಬ್ಬಿಗಳ ಸಾಲಿನ ನಡುವೆಯೋ. ಕೇಳುತ್ತಿರುವವರಲ್ಲಿ ಅನೇಕರ ಕೈ ಹಿಟ್ಟಿನಲ್ಲಿದೆ, ಕಿವಿಯ ಅರ್ಧಭಾಗ ಕುಕ್ಕರಿನ ಸೀಟಿಯ ಕಡೆಗಿದೆ ಎಂದುಕೊಂಡೇ ನಾನು ಮಾತಾಡುತ್ತೇನೆ. ಮಾತು ಸುಸ್ತಿನ ಬಗ್ಗೆ. ಇಡೀ ದಿನ ಕಳೆ ಕಿತ್ತು ಬಂದವರ ಸುಸ್ತಿಗೆ ಕಾರಣ ಗೊತ್ತು. ಉಂಡು ಮಲಗಿದರೆ ಕಳೆಯುತ್ತದೆ. ನಾನು ಹೇಳುತ್ತಿರುವುದು ರಾತ್ರಿ ಮಲಗಿ ಎದ್ದರೂ ಮೈಬಿಟ್ಟು ಹೋಗದ, ಹಲ್ಲುಜ್ಜುವಾಗಲೇ 'ಅಯ್ಯೋ ಇನ್ನೊಂದು ದಿನ' ಅನ್ನಿಸುವ ಸುಸ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ಸಿಗುವ ಉತ್ತರವೂ ಸಿದ್ಧವಾಗಿರುತ್ತದೆ: 'ಮನೇಲೇ ಇರ್ತೀಯಲ್ಲ, ಅಂಥದ್ದೇನು ಕೆಲಸ ಮಾಡಿದ್ದೀಯ?'

ಈ ಪ್ರಶ್ನೆಗೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಬ್ಬ ವಿಜ್ಞಾನಿ ಉತ್ತರ ಕೊಟ್ಟಿದ್ದಾನೆ. ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊಸ್ಸೊ ಎಂಬ ಶರೀರಶಾಸ್ತ್ರಜ್ಞ ದಣಿವನ್ನು ಅಳೆಯಲು ಎರ್ಗೋಗ್ರಾಫ್ ಎಂಬ ಒಂದು ಯಂತ್ರ ಮಾಡಿದ. ಕೈಯನ್ನು ಅಲುಗದಂತೆ ಕಟ್ಟಿ, ನಡುಬೆರಳಿಗೆ ದಾರ ಬಿಗಿದು, ದಾರದ ತುದಿಗೆ ತೂಕ ನೇತುಹಾಕುವುದು. ಬೆರಳು ಮಡಿಸಿದಾಗಲೆಲ್ಲ ತೂಕ ಮೇಲೇಳಬೇಕು. ಪ್ರತಿ ಎಳೆತವೂ ಕಾಗದದ ಮೇಲೆ ಗೆರೆಯಾಗುತ್ತದೆ. ಬೆರಳು ಸೋಲುತ್ತ ಬಂದಂತೆ ಗೆರೆಗಳು ಗಿಡ್ಡವಾಗುತ್ತವೆ. ಮೊಸ್ಸೊ ತನ್ನ ಸಹೋದ್ಯೋಗಿಯೊಬ್ಬರ ಬೆರಳನ್ನು ಹೀಗೆ ಪರೀಕ್ಷಿಸಿದ. ಆಮೇಲೆ ಆ ಮನುಷ್ಯ ಹೋಗಿ ವಿದ್ಯಾರ್ಥಿಗಳಿಗೆ ಗಂಟೆಗಟ್ಟಲೆ ಮೌಖಿಕ ಪರೀಕ್ಷೆ ಮಾಡಿ ಬಂದರು. ಭಾರ ಎತ್ತಿರಲಿಲ್ಲ, ಓಡಿರಲಿಲ್ಲ, ಕೂತು ಪ್ರಶ್ನೆ ಕೇಳಿದ್ದಷ್ಟೆ. ಆದರೂ ವಾಪಸು ಬಂದು ದಾರ ಕಟ್ಟಿಕೊಂಡರೆ ಬೆರಳು ಮೊದಲಿಗಿಂತ ಬಹಳ ಬೇಗ ಕೈಚೆಲ್ಲಿತು. ತಲೆಯ ದುಡಿಮೆ ತೋಳಿನ ಬಲವನ್ನೂ ತಿನ್ನುತ್ತದೆ ಎಂದು ಮೊಸ್ಸೊ 1891ರಲ್ಲಿ ದಣಿವಿನ ಬಗ್ಗೆ ಬರೆದ ಪುಸ್ತಕದಲ್ಲಿ ವಿವರಿಸಿದ.

ಪರೀಕ್ಷಕರ ಕೆಲಸವಾದರೂ ಸಂಜೆಗೆ ಮುಗಿಯುತ್ತದೆ. ನಮ್ಮ ಮನೆಗಳಲ್ಲಿ ಒಂದು ತಲೆ ದಿನವಿಡೀ ಏನೇನು ಹೊತ್ತಿರುತ್ತದೆ ನೋಡಿ. ನಾಳೆಗೆ ಇಡ್ಲಿಗೆ ನೆನೆಹಾಕಬೇಕು, ಮಾವನವರ ಬಿ.ಪಿ. ಮಾತ್ರೆ ಎರಡೇ ಉಳಿದಿದೆ, ಶುಕ್ರವಾರ ಮಗುವಿಗೆ ಬಿಳಿ ಶೂ, ನೀರು ಬಿಡುವ ದಿನ, ಗ್ಯಾಸ್ ಬುಕ್ ಮಾಡಿ ಎಷ್ಟು ದಿನವಾಯಿತು, ನಾದಿನಿಯ ಸೀಮಂತಕ್ಕೆ ಸೀರೆ. ಇವುಗಳಲ್ಲಿ ಒಂದೂ ಕೆಲಸ ಅನ್ನಿಸಿಕೊಳ್ಳುವುದಿಲ್ಲ, ಏಕೆಂದರೆ ಕೈ ಆಡುವುದು ಕಾಣುವುದಿಲ್ಲ. ಕೈ ಆಡುವ ಕೆಲಸದ ಲೆಕ್ಕವಾದರೂ ಸರ್ಕಾರದ ಬಳಿ ಇದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಗಂಡಸರ ಆ 88 ನಿಮಿಷವೂ ಮನೆಗೆಲಸಕ್ಕೆ ಕೈಹಾಕುವವರದು ಮಾತ್ರ, ಪೇಪರ್ ಓದುತ್ತ ಕೂರುವವರು ಈ ಸರಾಸರಿಯಲ್ಲೇ ಇಲ್ಲ. ನೆನಪಿಟ್ಟುಕೊಳ್ಳುವ ಕೆಲಸಕ್ಕೆ ಎಷ್ಟು ನಿಮಿಷ ಎಂದು ಯಾವ ಸಮೀಕ್ಷೆ ಅಳೆಯುತ್ತದೆ?

ಇನ್ನು ಮೈಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಸೋಮಾರಿತನ, ವಯಸ್ಸು, ಹಣೆಬರಹ ಎಂದೆಲ್ಲ ಕರೆಸಿಕೊಳ್ಳುವ ಎಷ್ಟೋ ಸುಸ್ತುಗಳು ಬರೀ ರಕ್ತದ ಕೊರತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಾದ್ಯಂತ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಕರ್ನಾಟಕದಲ್ಲಿ ಸುಮಾರು 48. ಅಂದರೆ ಸಾಲಿನಲ್ಲಿ ನಿಂತ ಇಬ್ಬರು ಹೆಂಗಸರಲ್ಲಿ ಹೆಚ್ಚುಕಡಿಮೆ ಒಬ್ಬರು. ರಕ್ತದ ಹಿಮೋಗ್ಲೋಬಿನ್ ಉಸಿರಿನ ಆಮ್ಲಜನಕವನ್ನು ಮೈಯೆಲ್ಲ ಹೊತ್ತೊಯ್ಯುತ್ತದೆ. ಅದು ತಯಾರಾಗಲು ಕಬ್ಬಿಣದ ಅಂಶ ಬೇಕು. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 12 ಗ್ರಾಂ ಆದರೂ ಇರಬೇಕು. ಎಂಟೋ ಒಂಬತ್ತೋ ಇದ್ದರೆ ಮೆಟ್ಟಿಲು ಹತ್ತಿದರೆ ಏದುಸಿರು, ಸಿಡಿಮಿಡಿ, ಕೆಳಗಿನ ಕಣ್ಣರೆಪ್ಪೆಯೊಳಗೆ ಬಿಳಿಚಿದ ಬಣ್ಣ. ಆಗ ಮನಸ್ಸು ಗಟ್ಟಿಮಾಡಿಕೋ ಎಂದು ಬುದ್ಧಿ ಹೇಳಿ ಪ್ರಯೋಜನವಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಹನಿ ರಕ್ತ ಕೊಟ್ಟರೆ ವಿಷಯ ಗೊತ್ತಾಗುತ್ತದೆ.

ಪ್ರತಿ ತಿಂಗಳೂ ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಇತ್ತ ಊಟದ ಸರದಿ ಎಲ್ಲರದೂ ಆದ ಮೇಲೆ ಬರುತ್ತದೆ, ಅಷ್ಟರಲ್ಲಿ ಪಲ್ಯದ ಪಾತ್ರೆ ಬರಿದಾಗಿ ತಳದಲ್ಲಿ ತಿಳಿಸಾರು ಉಳಿದಿರುತ್ತದೆ. ಅದರ ಮೇಲೊಂದು ಬಿಸಿ ಕಾಫಿ. ಕಾಫಿ, ಚಹಾಗಳಲ್ಲಿರುವ ಅಂಶಗಳು ಸೊಪ್ಪು ಕಾಳುಗಳ ಕಬ್ಬಿಣವನ್ನು ಮೈ ಹೀರಿಕೊಳ್ಳದಂತೆ ತಡೆಯುತ್ತವೆ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟನ್ನು ಬೆಳೆಯುವ ನಾಡಿನಲ್ಲಿ ಕೂತು ಕಾಫಿ ಬಿಡಿ ಅನ್ನುವ ಧೈರ್ಯ ನನಗಿಲ್ಲ. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಇರಲಿ, ಅಷ್ಟೆ. ನಿಂಬೆ, ನೆಲ್ಲಿಕಾಯಿ ಇದಕ್ಕೆ ವಿರುದ್ಧ, ಕಬ್ಬಿಣ ಒಳಸೇರಲು ನೆರವಾಗುತ್ತವೆ. ಕೋಸಂಬರಿಗೆ ನಿಂಬೆರಸ ಹಿಂಡುವುದು, ಕಾಳನ್ನು ಮೊಳಕೆ ಕಟ್ಟಿ ಬೇಯಿಸುವುದು ಇವೆಲ್ಲ ರುಚಿಗಿಂತ ಹೆಚ್ಚಿನ ಉಪಕಾರ ಮಾಡುತ್ತಿವೆ. ಕೊರತೆ ಹೆಚ್ಚಿದ್ದರೆ ಮಾತ್ರ ಸೊಪ್ಪೊಂದರಿಂದ ಆಗದು, ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ನುಂಗಲೇಬೇಕು. ಮಲ ಕಪ್ಪಾಯಿತು, ಹೊಟ್ಟೆ ಕಟ್ಟಿತು ಎಂದು ಹೆದರಿ ಎಷ್ಟೋ ಮಂದಿ ವಾರಕ್ಕೇ ನಿಲ್ಲಿಸಿಬಿಡುತ್ತಾರೆ. ಕಪ್ಪಾಗುವುದು ಮಾತ್ರೆಯ ಸಹಜ ಗುಣ. ಹೊಟ್ಟೆ ಕಟ್ಟಿದರೆ ವೈದ್ಯರಿಗೆ ಹೇಳಿ, ಬೇರೆ ದಾರಿ ಇರುತ್ತದೆ. ರಕ್ತ ಸರಿಯಿದ್ದೂ ವಾರಗಟ್ಟಲೆ ಸುಸ್ತು ಬಿಡದಿದ್ದರೆ ಥೈರಾಯ್ಡ್, ಸಕ್ಕರೆ, ಸಸ್ಯಾಹಾರಿಗಳಾದರೆ ಬಿ12 ಕೂಡ ನೋಡಿಸಬೇಕು. ಟಿ.ವಿ.ಯಲ್ಲಿ ಕುದುರೆ ಓಡಿಸಿ ತೋರಿಸುವ ಶಕ್ತಿಯ ಪುಡಿಗಳಿಗೆ ದುಡ್ಡು ಹಾಕುವ ಮೊದಲು ಈ ಪರೀಕ್ಷೆಗಳಾಗಲಿ.

ಕಾಫಿಯ ಮಾತಿಗೇ ಮರಳಿದರೆ, ಅದು ಶಕ್ತಿ ಕೊಡುತ್ತದೆ ಎನ್ನುವುದು ಪೂರ್ತಿ ನಿಜವಲ್ಲ. ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತ ಹೋಗುತ್ತದೆ. 'ಸಾಕು, ಮಲಗು' ಎಂದು ಹೇಳುವುದು ಅದೇ. ಕೆಫೀನ್ ಆ ಮಾತು ಕೇಳಿಸದಂತೆ ಬಾಗಿಲು ಹಾಕುತ್ತದೆ. ದಣಿವು ಬಾಗಿಲ ಹೊರಗೆ ಕಾದು ನಿಂತಿರುತ್ತದೆ. ಸಾಮಾನ್ಯವಾಗಿ ಐದು ಗಂಟೆ ಕಳೆದರೂ ಕುಡಿದ ಕೆಫೀನಿನ ಅರ್ಧ ಮೈಯಲ್ಲೇ ಇರುತ್ತದೆ, ಹಾಗಾಗಿ ಸಂಜೆ ಐದರ ಸ್ಟ್ರಾಂಗ್ ಕಾಫಿ ರಾತ್ರಿ ಹತ್ತಕ್ಕೂ ಕೆಲಸ ಮಾಡುತ್ತಿರುತ್ತದೆ. ಆಮೇಲೆ ಮೊಬೈಲು. ಹನ್ನೊಂದೂವರೆಗೆ ರೀಲ್ಸ್ ನೋಡುವ ಹೆಂಗಸನ್ನು ಬೈಯುವುದು ಸುಲಭ. ಆದರೆ ಯಾರೂ ಕರೆಯದ, ಯಾರಿಗೂ ಏನೂ ಬಡಿಸಬೇಕಿಲ್ಲದ ಅರ್ಧ ಗಂಟೆ ಅವಳಿಗೆ ಸಿಗುವುದು ಆಗ ಮಾತ್ರ. ನಿದ್ದೆ ಕೊಟ್ಟು ಅದನ್ನು ಕೊಂಡುಕೊಳ್ಳುತ್ತಾಳೆ. ಬೆಳಗ್ಗೆ ಐದಕ್ಕೇ ಏಳಬೇಕಾದವಳಿಗೆ ಏಳು ಗಂಟೆಯ ನಿದ್ದೆ ಬೇಕೆಂದರೆ ಹತ್ತಕ್ಕೆ ದೀಪ ಆರಬೇಕು. ಹಾಗೆ ಆರಬೇಕಾದರೆ ಅವಳದೇ ಆದ ಅರ್ಧ ಗಂಟೆಯನ್ನು ಮನೆಯವರು ಹಗಲಿನಲ್ಲಿ ಬಿಟ್ಟುಕೊಡಬೇಕು. ಆಫೀಸಿನ ಕುರ್ಚಿಯಲ್ಲಿ ಕೂತೇ ದಣಿಯುವವರಿಗೆ ಸಂಜೆಯ ನಡಿಗೆ ನಿಜಕ್ಕೂ ಚೈತನ್ಯ ತರುತ್ತದೆ, ಅನುಮಾನವಿಲ್ಲ. ಇಡೀ ದಿನ ನಿಂತೇ ಇದ್ದವರಿಗೆ ಮೊದಲು ಕೂರಲು ಬಿಡಿ.

ಕೊನೆಗೆ ಒಂದು ಮಾತು ಮನೆಯ ಗಂಡಸರಿಗೆ. ಸಹಾಯ ಮಾಡಲಾ ಎಂದು ಕೇಳುವುದು ಒಳ್ಳೆಯದೇ, ಆದರೆ ಆಗಲೂ ಏನು, ಎಷ್ಟು, ಯಾವಾಗ ಎಂದು ಯೋಚಿಸಿ ಹೇಳುವ ಕೆಲಸ ಅವಳ ತಲೆಗೇ. ಅದರ ಬದಲು ಒಂದೆರಡು ವಿಷಯಗಳನ್ನು ನೆನಪಿನ ಸಮೇತ ವಹಿಸಿಕೊಳ್ಳಿ. ಅಪ್ಪನ ಮಾತ್ರೆ ನಿಮ್ಮದು ಅಂದರೆ ಮುಗಿಯುವ ಮುಂಚೆ ನಿಮಗೇ ಗೊತ್ತಾಗಬೇಕು. ಗ್ಯಾಸ್ ನಿಮ್ಮದು ಅಂದರೆ, ಒಗ್ಗರಣೆಯ ನಡುವೆ ಒಲೆ ಆರಿದ ದಿನ 'ನೀನ್ಯಾಕೆ ನೆನಪಿಸಲಿಲ್ಲ?' ಅಂತ ಕೇಳುವಂತಿಲ್ಲ.