ಲಾಸಲಗಾಂವ್‌ನ ಚಳಿಗಾಲ: ಬಿಸಿಲ ನಾಡಿನಲ್ಲಿ ಮನೆಯಲ್ಲೇ ರಜೆ

ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿಗೆ ಸೇರಿದ ಲಾಸಲಗಾಂವ್‌ನಲ್ಲಿ ಡಿಸೆಂಬರ್ ತಿಂಗಳ ಒಂದೇ ದಿನದಲ್ಲಿ ಎರಡು ಋತುಗಳು ಬಂದು ಹೋಗುತ್ತವೆ. ನಸುಕಿನಲ್ಲಿ ಕೌದಿಯಿಂದ ಕೈ ಹೊರಗೆ ತೆಗೆಯಲಾಗದ ಚಳಿ, ಮಧ್ಯಾಹ್ನ ಅಂಗಿಯ ತೋಳು ಮಡಚುವಷ್ಟು ಬಿಸಿಲು. ಹಗಲಿನ ಉಷ್ಣಾಂಶ 28ರಿಂದ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ರಾತ್ರಿ 10 ಡಿಗ್ರಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಬಿಸಿಲ ನಾಡಿನಲ್ಲಿ ಚಳಿಗಾಲದ ರಜೆಯ ಸುಖ ಇರುವುದು ಈ ಏರಿಳಿತದಲ್ಲೇ. ಚಳಿಯ ಹೊತ್ತಿಗೆ ಯಾವುದು, ಬಿಸಿಲ ಹೊತ್ತಿಗೆ ಯಾವುದು ಎಂದು ದಿನವನ್ನು ಹಂಚಿಕೊಂಡ ಮನೆಗೆ ಮಹಾಬಳೇಶ್ವರಕ್ಕೋ ಮಾಥೇರಾನ್‌ಗೋ ಹೊರಡುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಈ ಏರಿಳಿತಕ್ಕೆ ಕಾರಣ ಸರಳ. ಮಳೆಗಾಲ ಮುಗಿದ ಮೇಲೆ ದಖ್ಖನ್ ಪ್ರಸ್ಥಭೂಮಿಯ ಆಕಾಶ ತಿಳಿಯಾಗುತ್ತದೆ, ಗಾಳಿಯ ತೇವ ಕಡಿಮೆಯಾಗುತ್ತದೆ. ಹಗಲಲ್ಲಿ ಕಾದ ನೆಲದ ಬಿಸಿಯನ್ನು ರಾತ್ರಿ ತಡೆದು ಹಿಡಿಯಲು ಮೋಡವೂ ಇಲ್ಲ, ನೀರಾವಿಯೂ ಇಲ್ಲ. ಬಿಸಿಯೆಲ್ಲ ನೇರ ಆಕಾಶಕ್ಕೆ ಹೋಗುತ್ತದೆ. ಅದರ ಮೇಲೆ ಉತ್ತರ ಭಾರತದ ಶೀತಗಾಳಿ ಬೀಸಿದರೆ ಚಳಿ ಇನ್ನೂ ಬಿರುಸಾಗುತ್ತದೆ. ಗೋದಾವರಿ ಮತ್ತು ಕಾದವಾ ನದಿಗಳ ಬಯಲಿನಲ್ಲಿರುವ ನಿಫಾಡ್ ತಾಲ್ಲೂಕಿನಲ್ಲಿ ಭಾರವಾದ ತಣ್ಣನೆಯ ಗಾಳಿ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಚಳಿಗಾಲದಲ್ಲಿ ಮಹಾರಾಷ್ಟ್ರದ ಅತಿ ಕಡಿಮೆ ಉಷ್ಣಾಂಶ ಎಂದು ಪತ್ರಿಕೆಗಳಲ್ಲಿ ಪದೇ ಪದೇ ಬರುವ ಹೆಸರು ನಿಫಾಡ್. ಕುಂದೇವಾಡಿಯ ಗೋಧಿ ಸಂಶೋಧನಾ ಕೇಂದ್ರದಲ್ಲಿ ಅಳೆಯುವ ಈ ಉಷ್ಣಾಂಶ 2018ರ ಡಿಸೆಂಬರ್ ಕೊನೆಯ ವಾರದಲ್ಲಿ 2 ಡಿಗ್ರಿಗಿಂತ ಕೆಳಗೆ ಹೋಗಿತ್ತು. ಅಂಥ ರಾತ್ರಿಗಳಲ್ಲಿ ದ್ರಾಕ್ಷಿ ತೋಟದ ರೈತರಿಗೆ ನಿದ್ದೆಯಿಲ್ಲ. ಚಳಿ ಹೆಚ್ಚಾದರೆ ಬಲಿಯುತ್ತಿರುವ ದ್ರಾಕ್ಷಿ ಸೀಳುತ್ತದೆ ಎಂದು ಸಾಲುಗಳ ನಡುವೆ ಬೆಂಕಿ ಹಾಕಿ ಹೊಗೆ ಎಬ್ಬಿಸುತ್ತಾರೆ, ನಸುಕಿನಲ್ಲಿ ಹನಿ ನೀರಾವರಿ ಬಿಡುತ್ತಾರೆ.

ಬೆಳಕಿನ ಲೆಕ್ಕವನ್ನೂ ಇಲ್ಲಿ ಗಮನಿಸಬೇಕು. ಡಿಸೆಂಬರ್ 21-22ರ ಅತಿ ಚಿಕ್ಕ ಹಗಲಿನಲ್ಲಿ ಲಂಡನ್‌ನಲ್ಲಿ ಎಂಟು ಗಂಟೆಯೂ ಬೆಳಕಿರುವುದಿಲ್ಲ. ಲಾಸಲಗಾಂವ್‌ನಲ್ಲಿ ಅದೇ ದಿನ ಸುಮಾರು 11 ಗಂಟೆ ಬಿಸಿಲಿರುತ್ತದೆ. ಯುರೋಪಿನ ಚಳಿಗಾಲದ ಹಬ್ಬಗಳು ಬಾಗಿಲು ಮುಚ್ಚಿಕೊಂಡು ಒಲೆಯ ಸುತ್ತ ಬೆಳೆದವು, ಇಲ್ಲಿನವು ಅಂಗಳದಲ್ಲಿ, ಮಾಳಿಗೆಯ ಮೇಲೆ, ಹೊಲದ ಬದುವಿನಲ್ಲಿ ಬೆಳೆದವು. ಮನೆಯಲ್ಲಿ ರಜೆ ಎಂದರೆ ಇಲ್ಲಿ ಮನೆಯ ಒಳಗೆ ಎಂದು ಅರ್ಥವಾಗುವುದು ಕಡಿಮೆ.

ರಜೆ ಯಾರಿಗೆ ಎಷ್ಟು ಎಂಬುದು ಬೇರೆ ಮಾತು. ಮಹಾರಾಷ್ಟ್ರದ ಮರಾಠಿ ಮಾಧ್ಯಮದ ಶಾಲೆಗಳಿಗೆ ಬೇಸಿಗೆ ಬಿಟ್ಟರೆ ದೊಡ್ಡ ರಜೆ ದೀಪಾವಳಿಯದು. ಡಿಸೆಂಬರಿನಲ್ಲಿ ಅವಕ್ಕೆ ಸಿಗುವುದು 25ರ ಒಂದು ದಿನ. ಇಂಗ್ಲಿಷ್ ಮಾಧ್ಯಮದ ಹಲವು ಶಾಲೆಗಳು ಮಾತ್ರ ವಾರಗಟ್ಟಲೆ ಮುಚ್ಚುತ್ತವೆ. ದೊಡ್ಡವರಿಗೆ ಇದು ವರ್ಷದ ಅತಿ ಕೆಲಸದ ಕಾಲ. 1947ರಲ್ಲಿ ಸ್ಥಾಪನೆಯಾದ ಲಾಸಲಗಾಂವ್ ಕೃಷಿ ಉತ್ಪನ್ನ ಮಾರುಕಟ್ಟೆ ಏಷ್ಯಾದ ಅತಿ ದೊಡ್ಡ ಈರುಳ್ಳಿ ಪೇಟೆ ಎಂದು ಹೆಸರಾಗಿದೆ. ಹುಬ್ಬಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ಈರುಳ್ಳಿ ದರದ ಮಾತು ಬಂದಾಗ ಈ ಊರಿನ ಹರಾಜಿನ ಪ್ರಸ್ತಾಪ ಬಂದೇ ಬರುತ್ತದೆ. ಡಿಸೆಂಬರಿನಲ್ಲಿ ಮುಂಗಾರಿನ ಕೆಂಪು ಈರುಳ್ಳಿ ಟ್ರ್ಯಾಕ್ಟರ್ ಟ್ರಾಲಿಗಳಲ್ಲಿ ಪೇಟೆಗೆ ಸುರಿಯುತ್ತದೆ. ಅದರಲ್ಲಿ ನೀರಿನಂಶ ಹೆಚ್ಚು, ಬಹಳ ದಿನ ಇಟ್ಟುಕೊಳ್ಳಲು ಬರುವುದಿಲ್ಲ, ಕಿತ್ತ ಕೂಡಲೇ ಮಾರಬೇಕು. ಬೇಸಿಗೆಯಲ್ಲಿ ಕೀಳುವ, ತಿಂಗಳುಗಟ್ಟಲೆ ಉಗ್ರಾಣದಲ್ಲಿ ಉಳಿಯುವ ಹಿಂಗಾರಿ ಈರುಳ್ಳಿಯ ಸಸಿ ನಾಟಿ ಮಾಡುವುದೂ ಇದೇ ತಿಂಗಳುಗಳಲ್ಲಿ. ಒಂದು ಕಡೆ ಕೊಯ್ಲು, ಇನ್ನೊಂದು ಕಡೆ ನಾಟಿ. ಬೆನ್ನು ಬಗ್ಗಿಸಿ ಸಾಲು ಸಾಲು ಸಸಿ ನೆಡುವ ಹೆಂಗಸರ ಕೈಗೆ ಬೆಳಗಿನ ತಣ್ಣೀರು ಹೇಗೆ ತಾಗುತ್ತದೆ ಎಂಬುದನ್ನು ನೆನೆಯದೆ ಈ ಋತುವನ್ನು ಬರೀ ಸುಖದ ಕಾಲ ಎಂದು ಬಣ್ಣಿಸುವುದು ತಪ್ಪಾದೀತು. ಆದ್ದರಿಂದ ಇಲ್ಲಿನ ರಜೆ ಇಡೀ ದಿನಗಳಾಗಿ ಒಟ್ಟಿಗೆ ಸಿಗುವುದಿಲ್ಲ. ಬೆಳಗ್ಗೆ ಒಂದು ಗಂಟೆ, ಸಂಜೆ ಎರಡು ಗಂಟೆ, ಹಬ್ಬಕ್ಕೊಂದು ದಿನ, ಹೀಗೆ ಬಿಡಿಬಿಡಿಯಾಗಿ ಸಿಗುತ್ತದೆ.

ಬೆಳಗಿನ ಗಂಟೆ ಬೆಂಕಿಯದು. ಕಸಕಡ್ಡಿ, ತೊಗರಿ ಕಟ್ಟಿಗೆ, ಬೆರಣಿ ಹಾಕಿ ಮನೆಯ ಮುಂದೆ ಹೊತ್ತಿಸುವ ಬೆಂಕಿಗೆ ಮರಾಠಿಯಲ್ಲಿ ಶೇಕೋಟಿ ಎನ್ನುತ್ತಾರೆ. ಹಿರಿಯರು, ಮಕ್ಕಳು, ಪೇಟೆಗೆ ಹೊರಟ ರೈತರು ಎಲ್ಲರೂ ಅದರ ಸುತ್ತ ನಿಂತು ಚಹಾ ಕುಡಿಯುತ್ತಾರೆ. ಬೆಂಕಿ ಬಯಲಲ್ಲಿದ್ದರೆ ಚೆನ್ನ. ಕೆಂಡದ ಬೋಗುಣಿಯನ್ನು ಮುಚ್ಚಿದ ಕೋಣೆಯೊಳಗೆ ಇಟ್ಟುಕೊಂಡು ಮಲಗುವುದು ಪ್ರಾಣಕ್ಕೆ ಅಪಾಯ. ಅದರಿಂದ ಹೊರಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರಿಗೆ ಗೊತ್ತಾಗುವುದೂ ಇಲ್ಲ. ಮನೆಯನ್ನು ಬೆಚ್ಚಗಿಡಲು ಬಿಸಿಲೇ ಸಾಕು. ಹಳೆಯ ಕಲ್ಲು ಮಣ್ಣಿನ ವಾಡೆಗಳ ದಪ್ಪ ಗೋಡೆ ಹಗಲಿನ ಬಿಸಿಯನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ತೆಳು ಗೋಡೆಯ, ಕಾಂಕ್ರೀಟ್ ತಾರಸಿಯ ಹೊಸ ಮನೆಗಳು ಬೇಗ ತಣ್ಣಗಾಗುತ್ತವೆ. ಅಂಥ ಮನೆಗಳಲ್ಲಿ ಬಿಸಿಲೇರಿದ ಮೇಲೆ ಪೂರ್ವ ಮತ್ತು ದಕ್ಷಿಣದ ಕಿಟಕಿ ತೆರೆದು, ಸಂಜೆ ಬಿಸಿಲು ಇಳಿಯುವ ಮೊದಲೇ ಮುಚ್ಚಿದರೆ ರಾತ್ರಿಯ ಚಳಿ ಎಷ್ಟೋ ಕಡಿಮೆಯಾಗುತ್ತದೆ. ಕೌದಿ, ಹಾಸಿಗೆಗಳನ್ನು ಮಧ್ಯಾಹ್ನ ತಾರಸಿಯ ಮೇಲೆ ಒಣಗಿಸಿ ಬಿಸಿ ಆರುವ ಮೊದಲು ಸುತ್ತಿಡುವುದೂ ಇದೇ ಲೆಕ್ಕದ ಕೆಲಸ.

ಇನ್ನು ಊಟ. ಚಳಿಗಾಲದ ರಜೆಯಲ್ಲಿ ಮನೆ ಬಿಟ್ಟು ಹೋಗಬಾರದು ಎನ್ನಲು ಇದಕ್ಕಿಂತ ಗಟ್ಟಿ ಕಾರಣ ಬೇಡ. ಸಜ್ಜೆಯ ಭಾಕರಿ, ಅದರ ಮೇಲೆ ಬೆಣ್ಣೆ, ಪಕ್ಕಕ್ಕೆ ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಕುಟ್ಟಿದ ಠೇಚಾ, ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಭರ್ತ, ಎಳೆ ಮೆಂತ್ಯ ಸೊಪ್ಪು, ತಪ್ಪಲು ಈರುಳ್ಳಿ. ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಈ ತಾಟಿನಲ್ಲಿ ಅಪರಿಚಿತವಾದದ್ದು ಯಾವುದೂ ಇರಲಾರದು. ಒಣಹಣ್ಣು, ಕೊಬ್ಬರಿ, ಅಂಟು ಹುರಿದು ಬೆಲ್ಲ ಸೇರಿಸಿ ಕಟ್ಟುವ ಅಂಟಿನ ಉಂಡೆ ಇಲ್ಲಿ ಡಿಂಕಾಚೆ ಲಾಡು. ಚಳಿಗಾಲಕ್ಕೆಂದೇ ಡಬ್ಬಿ ತುಂಬಿಡುವ ತಿನಿಸು ಅದು.

ಇವೆಲ್ಲಕ್ಕಿಂತ ಹೆಚ್ಚಾಗಿ ಕಾಯುವಂಥದ್ದು ಹುರಡಾ, ಉತ್ತರ ಕರ್ನಾಟಕದ ಸೀತನಿ. ಜೋಳದ ಕಾಳು ಹಾಲು ಕಟ್ಟಿ ಇನ್ನೂ ಗಟ್ಟಿಯಾಗದ ಕೆಲವೇ ದಿನಗಳಲ್ಲಿ ತೆನೆ ಕತ್ತರಿಸಿ, ಬೆರಣಿಯ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದಿ ತಿನ್ನಬೇಕು. ಜೊತೆಗೆ ಶೇಂಗಾ ಚಟ್ನಿ, ಮೊಸರು, ಬೆಲ್ಲ. ಕಾಳು ಆಗ ಸಿಹಿಯಾಗಿರುವುದಕ್ಕೆ ಕಾರಣ ಅದರೊಳಗಿನ ಸಕ್ಕರೆ ಇನ್ನೂ ಪೂರ್ತಿ ಪಿಷ್ಟವಾಗಿ ಮಾರ್ಪಟ್ಟಿರುವುದಿಲ್ಲ. ಒಂದು ವಾರ ತಡವಾದರೆ ಆ ರುಚಿ ಇಲ್ಲ. ಹುರಡಾಕ್ಕೆಂದೇ ಸುರತಿ, ಗುಳಭೇಂಡಿಯಂಥ ತಳಿಗಳನ್ನು ಬೆಳೆಯುತ್ತಾರೆ. ನಿಫಾಡ್ ತಾಲ್ಲೂಕಿನ ನೀರಾವರಿ ಹೊಲಗಳನ್ನು ಈರುಳ್ಳಿ ಮತ್ತು ದ್ರಾಕ್ಷಿ ಬಹುಪಾಲು ಹಿಡಿದುಕೊಂಡಿವೆ. ಹಿಂಗಾರಿ ಜೋಳದ ಬಯಲು ಸಿಗುವುದು ಪೂರ್ವಕ್ಕೆ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಕಡೆಗೆ. ಅಲ್ಲಿ ಹೊಲ ಇರುವ ನೆಂಟರಿದ್ದರೆ ಒಂದು ಭಾನುವಾರ ಅವರಿಗೆ ಮೀಸಲು. ಅದೇ ದಾರಿಯಲ್ಲಿ ವೇರುಳದ (ಎಲ್ಲೋರಾ) ಗುಹೆಗಳನ್ನು ನೋಡಿ ಬರಲೂ ಇದೇ ಸರಿಯಾದ ಕಾಲ. ಬೇಸಿಗೆಯಲ್ಲಿ ಕಾದ ಬಂಡೆಯ ಮೇಲೆ ಕಾಲಿಡಲು ಕಷ್ಟ. ಆದರೆ ಮಂಗಳವಾರ ಗುಹೆಗಳು ಮುಚ್ಚಿರುತ್ತವೆ.

ಹಬ್ಬಗಳ ಸಾಲು ಮಾರ್ಗಶಿರದಿಂದ ಶುರುವಾಗುತ್ತದೆ. ಆ ತಿಂಗಳ ಗುರುವಾರಗಳಂದು ಮನೆಮನೆಯಲ್ಲಿ ಕಲಶವಿಟ್ಟು ಮಹಾಲಕ್ಷ್ಮಿ ವ್ರತ ಮಾಡುತ್ತಾರೆ. ಶುದ್ಧ ಷಷ್ಠಿ ಚಂಪಾಷಷ್ಠಿ, ಖಂಡೋಬನ ದಿನ, ಕನ್ನಡಿಗರಿಗೆ ಅವನು ಮೈಲಾರಲಿಂಗ. ಅಂದು ಸಜ್ಜೆಯ ರೊಟ್ಟಿ, ಬದನೆಕಾಯಿ ಭರ್ತದ ನೈವೇದ್ಯ. ಚಾತುರ್ಮಾಸದಲ್ಲಿ ಬದನೆಕಾಯಿ, ಈರುಳ್ಳಿ ಬಿಟ್ಟ ಮನೆಗಳಲ್ಲಿ ಈ ದಿನದಿಂದ ಮತ್ತೆ ತಿನ್ನಲು ತೊಡಗುವುದುಂಟು. ಇದೇ ತಾಲ್ಲೂಕಿನ ಓಝರ್‌ನಲ್ಲಿ ಖಂಡೋಬನ ಜಾತ್ರೆ ನಡೆಯುತ್ತದೆ. ಹುಣ್ಣಿಮೆಗೆ ದತ್ತ ಜಯಂತಿ. ಆಗ ಮಹಾರಾಷ್ಟ್ರದ ಎಷ್ಟೋ ಕುಟುಂಬಗಳು ಕಲಬುರಗಿ ಜಿಲ್ಲೆಯ ಗಾಣಗಾಪುರದ ದಾರಿ ಹಿಡಿಯುತ್ತವೆ. ಪುಷ್ಯದ ಕೃಷ್ಣ ಏಕಾದಶಿಗೆ ತ್ರ್ಯಂಬಕೇಶ್ವರದಲ್ಲಿ ಸಂತ ನಿವೃತ್ತಿನಾಥರ ಯಾತ್ರೆ. ಚಳಿಯಲ್ಲಿ ನಡೆದು ಬರುವ ವಾರಕರಿಗಳ ದಿಂಡಿಗಳಿಗೆ ದಾರಿಯ ಊರುಗಳವರು ಊಟ, ಮಲಗುವ ಜಾಗ ಕೊಡುತ್ತಾರೆ. ಮನೆಯಲ್ಲೇ ಉಳಿದವರ ರಜೆಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು.

ಕ್ರಿಸ್‌ಮಸ್ ಈ ಜಿಲ್ಲೆಗೆ ಹೊಸದಲ್ಲ. ನಾಸಿಕ್ ನಗರದ ಶರಣಪುರ 1854ರಲ್ಲಿ ಚರ್ಚ್ ಮಿಷನರಿ ಸೊಸೈಟಿಯವರು ಕಟ್ಟಿದ ವಸಾಹತು. ಗುಲಾಮರ ಹಡಗುಗಳಿಂದ ಬಿಡಿಸಿದ ಆಫ್ರಿಕಾದ ಮಕ್ಕಳೂ ಅಲ್ಲಿ ಓದಿದರು. ಅವರಲ್ಲಿ ಒಬ್ಬನಾದ ಜೇಕಬ್ ವೇನ್‌ರೈಟ್ 1874ರಲ್ಲಿ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ಅವರ ಮೃತದೇಹದೊಂದಿಗೆ ಇಂಗ್ಲೆಂಡ್ ತಲುಪಿದ. ಮಂಗಳೂರಿನ ಮನೆಗಳಲ್ಲಿ ಕುಸ್ವಾರ್ ಮಾಡಿ ನೆರೆಹೊರೆಗೆ ಹಂಚುವಂತೆ ಇಲ್ಲಿನ ಕ್ರೈಸ್ತ ಮನೆಗಳಿಂದಲೂ ಕರಂಜಿ, ಚಕ್ಕುಲಿಯ ತಟ್ಟೆ ಪಕ್ಕದ ಮನೆಗೆ ಹೋಗುತ್ತದೆ. ಡಿಸೆಂಬರ್ 31ರ ರಾತ್ರಿ ತಾರಸಿಯ ಮೇಲೆ ಬೆಂಕಿ ಹಾಕಿಕೊಂಡು ಕೂರುವ ರೂಢಿ ಈಚಿನದು.

ಸಂಕ್ರಾಂತಿಯ ಮೂರು ದಿನಗಳೇ ಈ ಋತುವಿನ ತುದಿ. ಜನವರಿ 13ರ ಭೋಗಿಗೆ ಬೆಳಗ್ಗೆ ಎಳ್ಳು ಹಚ್ಚಿ ಸ್ನಾನ, ಮಧ್ಯಾಹ್ನ ಎಳ್ಳು ಅಂಟಿಸಿದ ಸಜ್ಜೆ ಭಾಕರಿ, ಹಸಿ ಕಡಲೆ, ಅವರೆ, ಗಜ್ಜರಿ, ಬದನೆ, ಬೋರೆಹಣ್ಣು ಎಲ್ಲ ಸೇರಿದ ಪಲ್ಯ. ಆಗ ಹೊಲದಲ್ಲಿ ಏನೇನು ಬಂದಿದೆಯೋ ಅಷ್ಟೂ ಒಂದೇ ಪಾತ್ರೆಗೆ ಬೀಳುತ್ತದೆ. ಮರುದಿನ ಎಳ್ಳು ಬೆಲ್ಲದ ಹೂರಣ ತುಂಬಿದ ಹೋಳಿಗೆ, ಎಳ್ಳು ಬೆಲ್ಲದ ಉಂಡೆಯಾದ ತಿಳಗುಳ. ಎಳ್ಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಒಣಹವೆಗೆ ಚರ್ಮ ಬಿರಿಯುವ ಕಾಲಕ್ಕೆ ಅದು ಮೈಗೂ ಹೊಟ್ಟೆಗೂ ಒಗ್ಗುತ್ತದೆ. ಬೇರೆ ಹಬ್ಬಗಳಲ್ಲಿ ದೂರವಿಡುವ ಕಪ್ಪು ಬಟ್ಟೆಯನ್ನು ಈ ಒಂದು ಹಬ್ಬಕ್ಕೆ ಬೇಕೆಂದೇ ಉಡುತ್ತಾರೆ. ಕಪ್ಪು ಬಿಸಿಲನ್ನು ಹೀರಿ ಮೈ ಬೆಚ್ಚಗಿಡುತ್ತದೆ. ಪುಟ್ಟ ಮಕ್ಕಳಿಗೆ ಕುಸುರೆಳ್ಳಿನ ಒಡವೆ ತೊಡಿಸಿ, ತಲೆಯ ಮೇಲಿಂದ ಬೋರೆಹಣ್ಣು, ಮಂಡಕ್ಕಿ, ಕಬ್ಬಿನ ಚೂರು ಸುರಿಯುವ ಬೋರನ್ಹಾಣವನ್ನು ನೋಡಿದರೆ ಹಳೆ ಮೈಸೂರಿನವರಿಗೆ ತಮ್ಮ ಮನೆಯ ಎಳಚಿ ಹಣ್ಣು ಎರೆಯುವ ಶಾಸ್ತ್ರ ನೆನಪಾಗುತ್ತದೆ.

ಪಕ್ಕದ ಯೇವಲಾ ಪೈಠಣಿ ಸೀರೆಗೆ ಹೆಸರಾದ ಊರು. ಸಂಕ್ರಾಂತಿಗೆ ಅಲ್ಲಿ ಮೂರು ದಿನ ಗಾಳಿಪಟ. ಇಡೀ ಊರು ಮಾಳಿಗೆ ಹತ್ತುತ್ತದೆ, ಹಲಗಿ ಬಾರಿಸುತ್ತದೆ. ದಾರ ಸುತ್ತಲು ಅಲ್ಲಿ ಆಸಾರಿ ಎಂಬ ಮರದ ರಾಟೆಯನ್ನು ಬಳಸುತ್ತಾರೆ. ಲಾಸಲಗಾಂವ್‌ನ ತಾರಸಿಗಳಲ್ಲೂ ಆ ದಿನಗಳಲ್ಲಿ ಅದೇ ಹುಮ್ಮಸ್ಸು. ಹತ್ತಿಯ ದಾರ ಸಾಕು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಅದು ಬೈಕ್ ಸವಾರರ ಕುತ್ತಿಗೆ ಕೊಯ್ಯುತ್ತದೆ, ಮರದಲ್ಲಿ ಸಿಕ್ಕಿ ವರ್ಷಗಟ್ಟಲೆ ಹಕ್ಕಿಗಳ ರೆಕ್ಕೆ ಕತ್ತರಿಸುತ್ತದೆ. ನಿಫಾಡ್ ತಾಲ್ಲೂಕಿಗೆ ಈ ಎಚ್ಚರ ಹೆಚ್ಚೇ ಬೇಕು. ಗೋದಾವರಿ ಮತ್ತು ಕಾದವಾ ಕೂಡುವಲ್ಲಿರುವ ನಾಂದೂರ ಮಧ್ಯಮೇಶ್ವರ ಮಹಾರಾಷ್ಟ್ರದ ಮೊದಲ ರಾಮ್ಸರ್ ಜೌಗುಭೂಮಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುವ ಹಾಗೆ, ಇಲ್ಲಿಗೂ ಚಳಿಗಾಲದಲ್ಲಿ ಉತ್ತರದಿಂದ ಬಾತುಗಳ ಹಿಂಡು ಬರುತ್ತದೆ. ಬೆಳಗ್ಗೆ ಬೇಗ ಹೋದರೆ ಚೆನ್ನಾಗಿ ಕಾಣುತ್ತವೆ, ಬಿಸಿಲೇರುವಷ್ಟರಲ್ಲಿ ಮನೆಗೆ ಮರಳಬಹುದು.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಅರಿಸಿನ ಕುಂಕುಮದ ಸಂಜೆಗಳು. ಹೆಂಗಸರು ಒಬ್ಬರ ಮನೆಗೆ ಒಬ್ಬರು ಹೋಗಿ ತಿಳಗುಳ ಕೊಟ್ಟು, ಮನೆಬಳಕೆಯ ಒಂದು ಸಣ್ಣ ವಸ್ತುವನ್ನು ಬಾಗಿನವಾಗಿ ಪಡೆದು ಬರುತ್ತಾರೆ. ವರ್ಷವಿಡೀ ಹೊಲದಲ್ಲಿ, ಪೇಟೆಯಲ್ಲಿ ದುಡಿಯುವವರಿಗೆ ಈ ಸಂಜೆಗಳು ಕುಳಿತು ಮಾತಾಡಲು ಸಿಗುವ ಬಿಡುವು. ರಥಸಪ್ತಮಿ ಜನವರಿ ಕೊನೆಗೋ ಫೆಬ್ರುವರಿಯಲ್ಲೋ ಬರುತ್ತದೆ. ಆಮೇಲೆ ನಸುಕಿನ ಚಳಿ ಇಳಿಯುತ್ತಾ ಹೋಗುತ್ತದೆ, ದ್ರಾಕ್ಷಿ ಕೊಯ್ಲು ಬಿರುಸಾಗುತ್ತದೆ, ಮಕ್ಕಳ ಪರೀಕ್ಷೆ ಹತ್ತಿರವಾಗುತ್ತದೆ. ನಾಟಿ ಮಾಡಿದ ಹಿಂಗಾರಿ ಈರುಳ್ಳಿಯನ್ನು ಏಪ್ರಿಲ್‌ನಲ್ಲಿ ಕಿತ್ತು ಉಗ್ರಾಣಕ್ಕೆ ತುಂಬಿದ ಮೇಲೆಯೇ ಮನೆಯವರಿಗೆಲ್ಲ ಮುಂದಿನ ಬಿಡುವು.