ವಾರಕ್ಕೆ ಒಂಬತ್ತು ಗಂಟೆ

(ಯುವ ಕಲಾವಿದರ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಕಲೆಯ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಕಲೆ ಅಂದರೇನು, ಸೌಂದರ್ಯ ಅಂದರೇನು ಅನ್ನೋದನ್ನ ಹೊಟ್ಟೆ ತುಂಬಿದವರು ಸಾಕಷ್ಟು ಮಾತಾಡಿದ್ದಾರೆ. ನಾನು ಗಂಟೆಯ ಲೆಕ್ಕ ಮಾತ್ರ ಹೇಳ್ತೀನಿ. ಯಾಕೆಂದರೆ ನಮ್ಮ ಹುಡುಗರು ಚಿತ್ರ ಬಿಡೋದು ಕೈಯಲ್ಲಿ ಕಸುಬಿಲ್ಲ ಅಂತ ಅಲ್ಲ, ಹೊತ್ತಿಲ್ಲ ಅಂತ.

ವಾರಕ್ಕೆ 168 ಗಂಟೆ. ಸಾಹುಕಾರನಿಗೂ ಅಷ್ಟೇ, ಕೂಲಿಯವನಿಗೂ ಅಷ್ಟೇ. ಆದರೆ ಅವನ ಗಂಟೆ ಅವನದು, ನಮ್ಮ ಗಂಟೆ ಯಾರದೋ. ಬಾಬಾಸಾಹೇಬರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ ಮಂಡಿಸಿದ ಕಾರ್ಖಾನೆ ತಿದ್ದುಪಡಿ ಮಸೂದೆ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಿತು. ಆ ಆರು ಗಂಟೆ ಯಾರೂ ದಾನ ಕೊಟ್ಟದ್ದಲ್ಲ. ಅದನ್ನ ಮೊಬೈಲ್ ಉಜ್ಜುತ್ತಾ ಕಳೆಯೋದಾ? ಗಾರೆ ಕೆಲಸದವರಿಗೆ, ಹೊಲದ ಕೂಲಿಯವರಿಗೆ ಈ ಲೆಕ್ಕವೂ ಸರಿಯಾಗಿ ಸಿಗೋದಿಲ್ಲ, ಅದೂ ಗೊತ್ತು.

168ರಲ್ಲಿ ದುಡಿಮೆ 48, ನಿದ್ದೆ 56 ಕಳೆದರೆ 64. ಬಸ್ಸು, ನೀರು, ರೇಷನ್ನು, ಅಡಿಗೆ, ಮಕ್ಕಳು, ಸಭೆ, ನೆಂಟರು ಎಲ್ಲಾ ತಿಂದ ಮೇಲೆ ನನ್ನ ಕೈಗೆ ಉಳಿದದ್ದು ಒಂಬತ್ತು. ಮನೆಯ ಹೆಣ್ಣುಮಕ್ಕಳ ಲೆಕ್ಕ ಹಾಕಿದರೆ ಅದೂ ಉಳಿಯೋಲ್ಲ. ಚಿತ್ರ ಬರೆಯುವ ತಂಗಿ ಮನೆಯಲ್ಲಿದ್ದರೆ ಎರಡು ರಾತ್ರಿ ಅಣ್ಣ ಒಲೆ ಮುಂದೆ ಕೂರಲಿ. ಅದೂ ಕಲೆಯ ಯೋಜನೆಯೇ.

ನನ್ನದು ಲಿನೋ ಕೆತ್ತನೆ. ಒಮ್ಮೆ ಒಂದು ಸಮಾವೇಶದ ಹಿಂದಿನ ಸಂಜೆ ಬಂದು 'ನಾಳೆ ಬೆಳಿಗ್ಗೆಗೆ ಪೋಸ್ಟರ್ ಬೇಕು' ಅಂದರು. ರಾತ್ರಿಯೆಲ್ಲಾ ಕೆತ್ತಿದೆ. ಲಿನೋದಲ್ಲಿ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೆತ್ತಬೇಕು. ನಿದ್ದೆಗಣ್ಣಲ್ಲಿ ನೆಟ್ಟಗೆ ಕೆತ್ತಿಬಿಟ್ಟಿದ್ದೆ. 'ಭೂಮಿ' ಅನ್ನೋ ಮಾತು ಉಲ್ಟಾ ಅಚ್ಚಾಯಿತು. ಹೆಬ್ಬೆರಳೂ ಸೀಳಿತ್ತು. ಆವತ್ತು ನಾಚಿಕೆಯಾಯಿತು. ಆಮೇಲೆ ಕಾಗದ ತಗೊಂಡು ಕೂತು ವಾರ ಕಟ್ಟಿದೆ. ಅದನ್ನೇ ಹೇಳ್ತೀನಿ.

ಭಾನುವಾರ ಬೆಳಿಗ್ಗೆ ಮೂರು ಗಂಟೆ. ಮೈ ಹಗುರ ಇರೋದು ಆಗಲೇ. ಏನು ಬರೆಯಬೇಕು ಅನ್ನೋ ತೀರ್ಮಾನ ಅಲ್ಲೇ ಆಗಬೇಕು. ಐದಾರು ಕರಡು ಗೀಚಿ ಒಂದನ್ನು ಆರಿಸಬೇಕು. ದಣಿದ ರಾತ್ರಿಗೆ ತೀರ್ಮಾನ ಬಿಡಬೇಡಿ. ದಣಿದ ತಲೆ 'ನಾಳೆ' ಅನ್ನುತ್ತೆ.

ಸೋಮವಾರದಿಂದ ಗುರುವಾರ, ರಾತ್ರಿ ಒಂದೂವರೆ ಗಂಟೆ, ಒಟ್ಟು ಆರು. ಸೋಮವಾರ ಚಿತ್ರವನ್ನು ಟ್ರೇಸ್ ಮಾಡಿ ತಿರುಗಿಸಿ ಲಿನೋ ಮೇಲೆ ಇಳಿಸೋದು. ಮಂಗಳ, ಬುಧ ಕೆತ್ತನೆ. ಲಿನೋ ಸೆಡೆತಿದ್ದರೆ ಬಿಸಿಲಿಗೆ ಇಟ್ಟು ಮೆತ್ತಗೆ ಮಾಡಿಟ್ಟಿರಿ. ಎಡಗೈ ಯಾವಾಗಲೂ ಉಳಿಯ ಹಿಂದೆಯೇ ಇರಲಿ. ಕಣ್ಣು ಎಳೆಯುವ ರಾತ್ರಿ ಉಳಿ ಮುಟ್ಟಲೇಬೇಡಿ, ಕಾಗದ ಕತ್ತರಿಸಿ ಇಡಿ. ಗುರುವಾರ ಪತ್ರಿಕೆಯ ಹಾಳೆ ಮೇಲೆ ಒಂದು ಅಚ್ಚು. ಪ್ರೆಸ್ಸು ಬೇಡ, ಸ್ಟೀಲ್ ಚಮಚದ ಬೆನ್ನಲ್ಲಿ ತಿಕ್ಕಿದರೆ ಸಾಕು. ತಪ್ಪು ಅಲ್ಲೇ ಕಾಣುತ್ತೆ, ತಿದ್ದಿ.

ಶುಕ್ರ, ಶನಿ ಖಾಲಿ ಬಿಡಿ. ಇದು ಸೋಮಾರಿತನ ಅಲ್ಲ. ಕರೆಂಟು ಹೋಗುತ್ತೆ, ಓವರ್‌ಟೈಂ ಬೀಳುತ್ತೆ, ಕೇರಿಯಲ್ಲಿ ಸಾವಾಗುತ್ತೆ. ಸಾವಿನ ಮನೆಗೆ ಹೋಗದೆ ಚಿತ್ರ ಬರೆಯುವವನ ಚಿತ್ರ ನಮಗೆ ಬೇಕಿಲ್ಲ. ತಪ್ಪಿದ ರಾತ್ರಿಯನ್ನು ಈ ಎರಡರಲ್ಲಿ ತುಂಬಿಕೊಳ್ಳಿ. ಮುಂದಿನ ಭಾನುವಾರ ಅಚ್ಚು ಹಾಕಿ. ಆವತ್ತಿನ ಮೂರು ಗಂಟೆ ಅದಕ್ಕೇ. ಎಣ್ಣೆ ಶಾಯಿ ಒಣಗೋಕೆ ಇನ್ನೂ ಕೆಲವು ದಿನ ಬೇಕು, ಲೆಕ್ಕದಲ್ಲಿ ಅದೂ ಇರಲಿ.

ಉಳಿದ ಹೊತ್ತೆಲ್ಲಾ ಕಲೆಗೆ ದಂಡ ಅಂತ ತಿಳೀಬೇಡಿ. ಜೇಬಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇರಲಿ. ತನ್ನ ಹೆಸರಿನಿಂದ ಜಾತಿಯ ಬಾಲ ಕಿತ್ತೊಗೆದ ಬಂಗಾಳದ ಚಿತ್ತಪ್ರಸಾದ್, 1943ರ ಕ್ಷಾಮದಲ್ಲಿ ಮಿಡ್ನಾಪುರ ಸುತ್ತಿ ಹಸಿದವರನ್ನು ಕಂಡು ಬರೆದುಕೊಂಡರು. ಆ ಚಿತ್ರಗಳ ಪುಸ್ತಿಕೆಯನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ಸುಟ್ಟಿತು. ಕಂಡದ್ದನ್ನು ಕಂಡ ಹಾಗೆ ಬರೆದ ಗೆರೆಗೆ ಅಷ್ಟು ಶಕ್ತಿ ಇದೆ. ನಿಮ್ಮ ಬಸ್ಸಿನಲ್ಲಿ ತೂಕಡಿಸುವ ಹೆಂಗಸಿನ ಕೈ ಯಾವ ಶಾಲೆಯೂ ಕಲಿಸದ ಪಾಠ.

ಕೊನೆಗೆ ಸಂಘಟನೆಯ ಗೆಳೆಯರಿಗೆ ಒಂದು ಮಾತು, ಬೇಜಾರಾಗಬೇಡಿ. ಕಲಾವಿದ ಅಂದರೆ ರಾತ್ರಿ ಬ್ಯಾನರ್ ಬರೆಯುವ ಆಳಲ್ಲ. ಹದಿನೈದು ದಿನ ಮುಂಚೆ ಹೇಳಿ. ಲಿನೋಗೆ, ಶಾಯಿಗೆ ದುಡ್ಡು ಕೊಡಿ. ಬಿಟ್ಟಿ ದುಡಿಮೆ ಬೇಡ ಅನ್ನೋ ನಾವೇ ನಮ್ಮ ಹುಡುಗರ ಕೈಲಿ ಬಿಟ್ಟಿ ಮಾಡಿಸಿದರೆ ಹೇಗೆ?

ಹುಡುಗರೇ, ಈ ಒಂಬತ್ತು ನನ್ನ ಲೆಕ್ಕ. ನಿಮ್ಮದು ಐದಿರಬಹುದು, ಮೂರಿರಬಹುದು. ಎಷ್ಟಿದ್ದರೂ ಅದಕ್ಕೆ ದಿನ, ಹೊತ್ತು ಗೊತ್ತುಮಾಡಿ ಗೋಡೆ ಮೇಲೆ ಬರೆಯಿರಿ. ಮನೆಯವರಿಗೂ ಕಾಣಲಿ. ಈಗ ಮಾತು ಸಾಕು, ಪೆನ್ಸಿಲ್ ತಗೊಳ್ಳಿ.